ಉಲ್ಲಾಸ ಹೆಗಡೆಯ ದುಬಾರಿ ಕಣ್ಣು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳಲ್ಲಿ ಉಲ್ಲಾಸ ಹೆಗಡೆಯ ಕನ್ನಡಕದ ಕಥೆ ಕೇಳದವರು ಯಾರಾದರೂ ಇದ್ದರೆ, ಅವರು ಊಟದ ಮನೆಗಳಿಗೆ ಹೋಗುವ ಪದ್ಧತಿಯನ್ನೇ ಬಿಟ್ಟವರು ಎಂದು ತಿಳಿಯಬೇಕು.

ಕಥೆಯ ಬೇರು ಬಹಳ ಸಣ್ಣದು. ಬಿಸಿ ಅನ್ನದ ಮೇಲೆ ಬಗ್ಗಿದರೆ ಉಲ್ಲಾಸನ ಕನ್ನಡಕಕ್ಕೆ ಆವಿ ಕೂರುತ್ತದೆ. ಜಗತ್ತಿನ ಎಲ್ಲ ಕನ್ನಡಕಗಳಿಗೂ ಕೂರುತ್ತದೆ. ಆದರೆ ಉಳಿದವರು ಅಂಥ ಹೊತ್ತಿನಲ್ಲಿ ನಿಂತು ಒರೆಸಿಕೊಳ್ಳುತ್ತಾರೆ. ಉಲ್ಲಾಸ ನಿಲ್ಲುವ ಕುಳವಲ್ಲ. ಬಿಳಗಿಯ ಒಂದು ಉಪನಯನದ ಊಟದಲ್ಲಿ ತುಪ್ಪದ ಗಿಂಡಿ ಹಿಡಿದು ಹಂತಿಯ ಮೇಲೆ, ಅಂದರೆ ಉಣ್ಣುವವರ ಸಾಲಿನುದ್ದಕ್ಕೂ, ದಾಪುಗಾಲು ಹಾಕುತ್ತಿದ್ದವನು, ಆವಿ ಮುಸುಕಿದ ಗಾಜಿನೊಳಗಿಂದ ಬೆಳ್ಳಗೆ ಕಂಡದ್ದೆಲ್ಲ ಅನ್ನವೆಂದು ನಂಬಿ, ಪುರೋಹಿತರ ಬಾಳೆಲೆಯ ಪಕ್ಕ ಮಲಗಿದ್ದ ಬಿಳಿ ಮೊಬೈಲಿಗೆ ಒಂದು ಸೌಟಿನಷ್ಟು ಬಿಸಿ ತುಪ್ಪ ಬಡಿಸಿಬಿಟ್ಟ. ಬಡಿಸಿದ್ದಷ್ಟೇ ಅಲ್ಲ, ಇನ್ನೊಂದು ಸ್ವಲ್ಪ ಹಾಕಲೇ ಎಂದು ಮೊಬೈಲಿಗೆ ಉಪಚಾರವನ್ನೂ ಮಾಡಿದ!

ನಡೆದದ್ದು ಇಷ್ಟೇ. ಆದರೆ ಕಥೆ ಶಿರಸಿ ಪೇಟೆ ಮುಟ್ಟುವ ಹೊತ್ತಿಗೆ ಒಂದಿದ್ದ ಮೊಬೈಲು ಮೂರಾಗಿತ್ತು. ಸಿದ್ದಾಪುರದಲ್ಲಿ ಪುರೋಹಿತರ ಜರಿ ಶಾಲು ಬಂದು ಸೇರಿಕೊಂಡಿತು. ಯಲ್ಲಾಪುರದ ಪಾಠದಲ್ಲಿ ಸ್ವತಃ ಪುರೋಹಿತರೇ ನೆತ್ತಿಯಿಂದ ಅಂಗಾಲಿನವರೆಗೆ ಅಭ್ಯಂಜನ ಮಾಡಿಸಿಕೊಂಡಿದ್ದರು. ವಾನಳ್ಳಿಯ ಕಡೆಯಲ್ಲಂತೂ, ಅವರು ಅದೇ ಫೋನಿನಲ್ಲಿ ಮಾತಾಡಿದಾಗ ಆ ತುದಿಯವರಿಗೂ ತುಪ್ಪದ ಘಮ ಬಂತು ಎಂದು ಆಣೆ ಮಾಡಿ ಹೇಳುವವರಿದ್ದಾರೆ.

ಕಥೆ ಬೆಳೆದರೆ ಬೆಳೆಯಲಿ, ಉಲ್ಲಾಸನಿಗೆ ಅದರ ಚಿಂತೆ ಇರಲಿಲ್ಲ. ಗಿಂಡಿ ಕೈ ತಪ್ಪೀತು ಎಂಬುದೇ ಚಿಂತೆ.

ತುಪ್ಪ ಬಡಿಸುವುದರಲ್ಲಿ ಏನು ಮಹಾ ಎಂದು ಕೇಳುವವರು ನಮ್ಮ ಕಡೆಯ ಊಟಕ್ಕೆ ಒಮ್ಮೆ ಕೂತು ನೋಡಬೇಕು. ಅಡುಗೆಯನ್ನು ಯಾರೇ ಮಾಡಲಿ, ತುಪ್ಪ ಮಾತ್ರ ಮನೆಯವರೇ ಬಡಿಸಬೇಕು. ಎಲೆಗೆ ಅನ್ನ ಬಿದ್ದಿರುತ್ತದೆ, ತೊವ್ವೆ ಬಿದ್ದಿರುತ್ತದೆ, ಹಸಿವು ಗಂಟಲಿನವರೆಗೆ ಬಂದಿರುತ್ತದೆ, ಆದರೂ ತುಪ್ಪ ಬೀಳುವವರೆಗೆ ಯಾರೂ ಕೈ ಇಡುವಂತಿಲ್ಲ. ಇಡೀ ಛತ್ರ ಒಬ್ಬನೇ ಒಬ್ಬ ಮನುಷ್ಯನ ದಾರಿ ನೋಡುತ್ತಿರುತ್ತದೆ. ಬಳಗದ ಊಟಗಳಲ್ಲಿ ಆ ಮನುಷ್ಯ ಉಲ್ಲಾಸನ ಅಜ್ಜನಾಗಿದ್ದ, ಆಮೇಲೆ ಅಪ್ಪನಾಗಿದ್ದ, ಆಮೇಲೆ ಉಲ್ಲಾಸನೇ ಆಗಿದ್ದ. ಶಿರಸಿಯ ಸಹಕಾರಿ ಸಂಘದಲ್ಲಿ ದಿನವಿಡೀ ಕೂತರೂ ತಲೆಯೆತ್ತಿ ನೋಡುವವರಿಲ್ಲದ ಗುಮಾಸ್ತನಿಗೆ, ಗಿಂಡಿ ಹಿಡಿದ ಆ ಕಾಲು ಗಂಟೆ ಸಿಂಹಾಸನದ ಕಾಲು ಗಂಟೆ.

ಬಿಳಗಿಯ ಪ್ರಕರಣದ ನಂತರ ಆ ಸಿಂಹಾಸನ ಅಲುಗಾಡಿತು. ಬಂಧುಬಳಗದಲ್ಲಿ ಯಾವ ಊಟವಾದರೂ ಬಡಿಸುವವರ ದಂಡನಾಯಕ ಪರಮಯ್ಯ ಮಾವ. ಎಪ್ಪತ್ತು ದಾಟಿದ ಮುದುಕ, ಹಂತಿಯ ತಲೆಯಲ್ಲಿ ಶಾಲು ಸುತ್ತಿ ನಿಂತರೆ ಕಣ್ಣಿನ ಸನ್ನೆಯಲ್ಲೇ ಪಲ್ಯದವನನ್ನು ಮುಂದೆ ಕಳಿಸಿ ಸಾರಿನವನನ್ನು ತಡೆದು ನಿಲ್ಲಿಸುವವನು. ಉಲ್ಲಾಸನ ಅಕ್ಕನ ಮಗಳು ಅನುಶ್ರೀಯ ಮದುವೆ ನಿಶ್ಚಯವಾದ ದಿನ, ಸೋದರಮಾವನಾದ ತನಗೇ ಗಿಂಡಿ ಎಂದು ಉಲ್ಲಾಸ ಎದೆ ಉಬ್ಬಿಸಿ ಕೂತಿದ್ದಾಗ, ಮುದುಕ ತಣ್ಣಗೆ ಹೇಳಿದ.

"ಗಿಂಡಿ ಕಣ್ಣು ಕಾಣವಂಗೆ ಕೊಡವು, ತಮಾ. ನಿಂಗೆ ಕಣ್ಣು ಕಂಡ್ರೆ ನಿಂಗೆ. ಕಾಣ್ದಿದ್ರೆ ನಂದನಂಗೆ."

ನಂದನ ಎಂದರೆ ಯಲ್ಲಾಪುರದ ಚಿಕ್ಕಪ್ಪನ ಮಗ. ಪ್ರಾಯದಲ್ಲಿ ಚಿಕ್ಕವನು, ಕನ್ನಡಕವಿಲ್ಲದವನು, ಸಾಲದ್ದಕ್ಕೆ ನಗುಮೊಗದವನು. ಅವನ ಕೈಯಲ್ಲಿ ತನ್ನ ಅಜ್ಜನ ಗಿಂಡಿಯನ್ನು ಕಲ್ಪಿಸಿಕೊಂಡು ಉಲ್ಲಾಸ ಆ ದಿನ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆದ್ದ. ಏಳುವಾಗಲೇ ಶಪಥ ಮಾಡಿದ. ಕನ್ನಡಕಕ್ಕೆ ಧಿಕ್ಕಾರ! ಇನ್ನು ಕಾಂಟ್ಯಾಕ್ಟ್ ಲೆನ್ಸು!

ಲೆನ್ಸು ಅವರ ಇಸಳೂರಿನ ಮನೆಗೆ ಹೊಸ ವಸ್ತುವೇನಲ್ಲ. ಹೆಂಡತಿ ಶಿವರಂಜನಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ವರ್ಷಗಳಿಂದ ಲೆನ್ಸು ಹಾಕುವವಳು. ತೀರ ಅಗ್ಗದ್ದು, ತಿಂಗಳಿಗೊಮ್ಮೆ ಎಸೆಯುವಂಥದ್ದು. ಆದರೆ ಅದಕ್ಕೆ ಅವಳು ಮಾಡುವ ಆರೈಕೆ ನೋಡಿದರೆ ಉಲ್ಲಾಸನಿಗೆ ನಗು. ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಅಂಗೈಯಲ್ಲಿಟ್ಟು ಔಷಧದ ನೀರಿನಲ್ಲಿ ಉಜ್ಜಿ, ಡಬ್ಬಿಯ ಹಳೆಯ ನೀರು ಚೆಲ್ಲಿ ಹೊಸದು ತುಂಬಿ, ತಿಂಗಳು ಮುಗಿದ ದಿನ ಒಂದಿಷ್ಟೂ ಮರುಗದೆ ಬುಟ್ಟಿಗೆ ಹಾಕುತ್ತಿದ್ದಳು. ಇಷ್ಟು ಕಡಿಮೆ ಬೆಲೆಯ ವಸ್ತುವಿಗೆ ಇಷ್ಟು ಉಪಚಾರ ಯಾಕೆ ಎಂದು ಅವನು ಕೇಳಿದರೆ, ಹಾಕಿಕೊಳ್ಳುವುದು ಬೆಲೆಯೊಳಗಲ್ಲ, ಕಣ್ಣೊಳಗೆ ಎನ್ನುತ್ತಿದ್ದಳು.

ಉಲ್ಲಾಸನ ಸಿದ್ಧಾಂತ ಬೇರೆ. ಅದು ಅವನ ಸ್ವಂತ ಅನುಭವದಲ್ಲಿ ಕುದಿದು ಗಟ್ಟಿಯಾದದ್ದು. ಇಷ್ಟು ವರ್ಷಗಳಲ್ಲಿ ಅವನು ಕಳೆದುಕೊಂಡ ಕನ್ನಡಕಗಳು ಬಸ್ಸಿನ ಸೀಟಿನಲ್ಲಿ, ಜೇನುಪೆಟ್ಟಿಗೆಯ ಮುಚ್ಚಳದ ಮೇಲೆ, ಕ್ಷೌರದಂಗಡಿಯ ಕನ್ನಡಿಯ ಮುಂದೆ ಬಿದ್ದಿದ್ದವು. ಒಂದು ಮಜ್ಜಿಗೆಯ ಕೊಳಗದ ತಳದಲ್ಲಿ ಸಿಕ್ಕಿತ್ತು. ಇನ್ನೊಂದರ ಮೇಲೆ ಅವನೇ ಕೂತಿದ್ದ, ಕೂತು ಅದನ್ನೇ ಹುಡುಕುತ್ತಿದ್ದ. ಎಲ್ಲವೂ ಸೋವಿಯವು. ಸೋವಿಯ ವಸ್ತುವಿನ ಮೇಲೆ ಮನಸ್ಸು ನಿಲ್ಲುವುದಿಲ್ಲ, ಮನಸ್ಸು ನಿಲ್ಲದ ಕಡೆ ಕೈ ನಿಲ್ಲುವುದಿಲ್ಲ. ಹಾಗಾಗಿ ತಪ್ಪು ತನ್ನದಲ್ಲ, ಬೆಲೆಯದು! ಬೆಲೆ ಏರಿದಂತೆ ಜೋಪಾನ ತಾನಾಗಿಯೇ ಏರುತ್ತದೆ. ಇದನ್ನು ಅವನು ಕಾಫಿ ಕಪ್ಪನ್ನು ಟಿಪಾಯಿಯ ಮೇಲೆ ಕುಟ್ಟಿ ಹೇಳಿದ. ಕಪ್ಪಿನ ಕಿವಿ ಮುರಿಯಿತು. ಅದೂ ಸೋವಿಯದೇ ಎಂದ.

ಪೇಟೆಯ ಕಣ್ಣಿನ ಡಾಕ್ಟರು ಸಂಹಿತಾ ಇನ್ನೂ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪರೀಕ್ಷೆ ಮುಗಿಸಿ, ಮೊದಲ ಸಲ ಹಾಕುವವರಿಗೆ ಸಾದಾ ಲೆನ್ಸೇ ಒಳ್ಳೆಯದು, ಹಾಕಿ, ಬಳಸಿ, ಎಸೆಯಿರಿ ಎಂದಳು. ಉಲ್ಲಾಸ ತನ್ನ ಸಿದ್ಧಾಂತವನ್ನು ಪೀಠಿಕೆಸಮೇತ ಮಂಡಿಸಿದ. ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ, ತನ್ನಲ್ಲಿಗೆ ಬರುವವರಲ್ಲಿ ದುಬಾರಿಯದು ಕೊಂಡವರೂ ಅಗ್ಗದ್ದು ಕೊಂಡವರೂ ಕೈ ತೊಳೆಯಲು ಸರಿಸಮನಾಗಿ ಮರೆಯುತ್ತಾರೆ, ವ್ಯತ್ಯಾಸವೆಂದರೆ ದುಬಾರಿಯವರು ಅವಧಿ ಮುಗಿದರೂ ಎಸೆಯಲು ಒಪ್ಪುವುದಿಲ್ಲ ಎಂದಳು. ಉಲ್ಲಾಸ ನಕ್ಕ. ಅವರೆಲ್ಲ ಸಾಮಾನ್ಯ ಮನುಷ್ಯರು.

ಅವನು ಆರಿಸಿಕೊಂಡದ್ದು ಅಲ್ಲಿದ್ದ ಅತಿ ದುಬಾರಿ ಜೋಡಿ. ಬೆಲೆ ಕೇಳಿ ಶಿವರಂಜನಿ, ಇದೇ ಬೆಲೆಗೆ ಮದುವೆಗೆ ಒಂದು ರೇಷ್ಮೆ ಸೀರೆ ಬರುತ್ತಿತ್ತು ಎಂದಷ್ಟೇ ಹೇಳಿದಳು. ಡಾಕ್ಟರು ಹಾಕಿ ತೋರಿಸಿದಾಗ ಉಲ್ಲಾಸ ಹೊರಗೆ ನೋಡಿದ. ಕಿಟಕಿಯಾಚೆ ನಿಂತ ಬಸ್ಸಿನ ಬೋರ್ಡು ಕಂಡಿತು. ಬೋರ್ಡಿನಲ್ಲಿ ಅಕ್ಷರ ಕಂಡಿತು. ಅಕ್ಷರದ ಮೇಲೆ ಕೂತ ನೊಣವೂ ಕಂಡಿತು! ಆ ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ಮುನ್ನೂರು ಎಲೆಗಳು ಸಾಲಾಗಿ ಹಾಸಿಕೊಂಡು, ಒಂದೊಂದು ಅನ್ನದ ಗುಡ್ಡೆಯ ನೆತ್ತಿಗೂ ತುಪ್ಪದ ಧಾರೆ ಗುರಿ ತಪ್ಪದೆ ಇಳಿಯಿತು.

ದಿನಕ್ಕೆ ಒಂದೆರಡು ತಾಸು ಹಾಕಿ ಅಭ್ಯಾಸ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದಳು. ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬಿ, ಲೆನ್ಸು ನೆನೆಸಿಡುವ ನೀರಿನ ಒಂದು ಬಾಟಲಿ, ಎರಡನ್ನೂ ಪುಕ್ಕಟೆಯಾಗಿ ಕೊಟ್ಟಳು.

ಜೋಪಾನದ ಮಹಾಯಜ್ಞ ಅಂದೇ ಆರಂಭವಾಯಿತು.

ಮೊದಲನೆಯದಾಗಿ, ಅಂಥ ಲೆನ್ಸು ಪುಕ್ಕಟೆ ಡಬ್ಬಿಯಲ್ಲಿ ಮಲಗುವುದು ಅವನಿಗೆ ಸರಿಕಾಣಲಿಲ್ಲ. ಕಪಾಟಿನಲ್ಲಿ ಅಜ್ಜಿಯ ಕಾಲದ ಬೆಳ್ಳಿಯ ಅರಿಶಿನ–ಕುಂಕುಮದ ಭರಣಿಗಳಿದ್ದವು, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು, ಮುಚ್ಚಳವಿದ್ದವು, ಮುಖ್ಯವಾಗಿ ಜೋಡಿ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿಸಿದ. ಅರಿಶಿನದ ಭರಣಿ ಎಡಗಣ್ಣಿಗೆ, ಕುಂಕುಮದ್ದು ಬಲಗಣ್ಣಿಗೆ. ಎರಡನ್ನೂ ಕಬ್ಬಿಣದ ಕಪಾಟಿನಲ್ಲಿ ಒಡವೆಗಳ ಪಕ್ಕ ಇಟ್ಟು ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡ. ಮರುದಿನ ಮನೆಗೆ ಬಂದ ಹೆಂಗಸರಿಗೆ ಶಿವರಂಜನಿ ಹೋಳಿಗೆ ಡಬ್ಬಿಯ ಮುಚ್ಚಳದಲ್ಲಿ ಕುಂಕುಮ ಕೊಡಬೇಕಾಯಿತು. ಭರಣಿ ಎಲ್ಲಿ ಎಂದರೆ, ಸುರಕ್ಷಿತವಾಗಿವೆ ಎಂದು ಜನಿವಾರ ಮುಟ್ಟಿಕೊಂಡು ಉತ್ತರ ಕೊಟ್ಟ. ಅವಳಿಗೆ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಹೆಚ್ಚು ಕೆದಕಲಿಲ್ಲ.

ಎರಡನೆಯದಾಗಿ, ಹಾಕಿದರೆ ಸವೆಯುತ್ತದೆ. ಹಾಗಾಗಿ ಹಾಕಲಿಲ್ಲ.

"ಅಭ್ಯಾಸ ಆಗವು ಅಂದಿದ್ದಿಲ್ಯ ಡಾಕ್ಟ್ರು? ದಿನಾ ಸ್ವಲ್ಪ ಹಾಕ್ಕಳಿ," ಎಂದು ಶಿವರಂಜನಿ ಹೇಳಿದಳು.

"ಒಳ್ಳೇ ಸೀರೆನ ದಿನಾ ಉಟ್ಗಂಡು ಪಾತ್ರೆ ತೊಳೀತ್ಯ ನೀನು?"

"ಸೀರೆ ಕಣ್ಣೊಳಗೆ ಉಡ್ತ್ನಿಲ್ಲೆ."

ಅವನು ಗೆದ್ದವನ ಗತ್ತಿನಲ್ಲಿ ಹೊರಗೆ ನಡೆದ. ಸಂಘದಲ್ಲಿ ಪಕ್ಕದ ಮೇಜಿನ ಮಂಜಪ್ಪನಿಗೆ ಈ ಇಡೀ ವ್ಯವಸ್ಥೆಯನ್ನು ವರ್ಣಿಸಿದ. ಮಂಜಪ್ಪ ಸಿದ್ದಾಪುರದ ಕಡೆಯವನು, ಗದ್ದೆ ಮಾಡಿಸಿಕೊಂಡು ನೌಕರಿಯನ್ನೂ ಮಾಡುವವನು, ಯಾವುದಕ್ಕೂ ಅವಸರವಿಲ್ಲದವನು. ಎಲ್ಲವನ್ನೂ ಕೇಳಿ, ಬಾಯಿಯ ಎಲೆಯಡಿಕೆಯ ಕವಳ ಒಂದು ಕಡೆ ಸರಿಸಿ, ಒಂದೇ ಸಂಶಯ ಮುಂದಿಟ್ಟ.

"ಅಷ್ಟು ದುಬಾರಿದು ಕಣ್ಣೊಳಗೆ ಹಾಕಂಡ್ರೆ ನೋಡೋರಿಗೆ ಎಂತ ಕಾಣ್ತದೆ ಹೆಗಡೇರೆ?"

ಉಲ್ಲಾಸನಿಗೆ ಆ ದಿನವೆಲ್ಲ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ.

ಮೂರನೆಯದು ನೀರಿನ ಪ್ರಶ್ನೆ. ಅವನು ತನ್ನ ಸಿದ್ಧಾಂತಕ್ಕೆ ನಿಷ್ಠನಾಗಿದ್ದುದರಿಂದಲೇ ಇಲ್ಲಿ ಎಡವಿದ. ಡಾಕ್ಟರು ಕೊಟ್ಟ ಬಾಟಲಿ ಪುಕ್ಕಟೆಯದು. ಬೆಲೆ ಇಲ್ಲದ್ದಕ್ಕೆ ಯೋಗ್ಯತೆ ಎಲ್ಲಿಂದ ಬರಬೇಕು? ಬಾಟಲಿಯ ಬೆನ್ನು ಓದಿ ನೋಡಿದ. ಕಣ್ಣಿಗೆ ಬೇಕಾದ ಉದ್ದುದ್ದ ಹೆಸರುಗಳ ನಡುವೆ ಒಂದು ಪರಿಚಿತ ಮುಖ ಸಿಕ್ಕಿತು: ಉಪ್ಪು. ಉಪ್ಪುನೀರೇ! ಉಲ್ಲಾಸ ಹೆಗಡೆಗೆ ಉಪ್ಪುನೀರಿನ ಪಾಠವೇ!

ಇಲ್ಲೊಂದು ಮಾತು ಹೇಳಬೇಕು. ಆ ಬಳಗದಲ್ಲಿ ಉಪ್ಪಿನಕಾಯಿಯ ಅಪ್ಪೆಮಿಡಿಗೆ ಉಪ್ಪುನೀರು ಹದ ಮಾಡುವುದರಲ್ಲಿ ಉಲ್ಲಾಸನನ್ನು ಮೀರಿದವರಿಲ್ಲ. ಇದು ದಂತಕಥೆಯಲ್ಲ, ನಿಜ. ಮಾವಿನಮಿಡಿಯ ಕಾಲ ಬಂದರೆ ಅಕ್ಕಂದಿರು, ಅತ್ತಿಗೆಯರು ಅವನನ್ನು ಕರೆಸಿಕೊಳ್ಳುತ್ತಾರೆ. ಹರಳುಪ್ಪು ಹಾಕಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ನಾಲಿಗೆಯ ತುದಿಗೆ ಮುಟ್ಟಿಸಿ ಅವನು ಹೂಂ ಎಂದ ಮೇಲೇ ಮಿಡಿ ಭರಣಿಗೆ ಇಳಿಯುವುದು. ಹಾಗೆ ಇಳಿದ ಮಿಡಿ ನಾಲ್ಕು ವರ್ಷ ಕಳೆದರೂ ಕಚ್ಚಿದರೆ ಕಟುಂ ಎನ್ನಬೇಕು. ನಾಲ್ಕು ವರ್ಷ ಮಿಡಿಯನ್ನು ಕಾಯುವ ನೀರು ನಾಲ್ಕು ವಾರ ಲೆನ್ಸನ್ನು ಕಾಯದೆ?

ಶಿವರಂಜನಿ ಶಾಲೆಗೆ ಹೋಗಿದ್ದ ಒಂದು ಶನಿವಾರ ಅವನು ಕುದಿಸಿದ, ಆರಿಸಿದ, ಹೊಸ ಧೋತರದ ತುದಿಯಲ್ಲಿ ಮೂರು ಸಲ ಸೋಸಿದ. ನಾಲಿಗೆಗೆ ಮುಟ್ಟಿಸಿದ. ಕಣ್ಣು ತಾನಾಗಿ ಮುಚ್ಚಿತು. ಅದ್ಭುತವಾದ ಹದ! ಡಾಕ್ಟರ ಬಾಟಲಿಯ ನೀರಿನಲ್ಲಿ ಮೊಬೈಲು ಒರೆಸಿ, ಟೀವಿಯನ್ನೂ ಒರೆಸಿ, ಲೆನ್ಸುಗಳನ್ನು ಬೆಳ್ಳಿಯ ಭರಣಿಗಳಲ್ಲಿ ತನ್ನ ಉಪ್ಪುನೀರಿಗೆ ಇಳಿಸಿ ಕಪಾಟಿಗೆ ಕೀಲಿ ಹಾಕಿದ. ಆಮೇಲೆ ದಿನವೂ ಸಂಜೆ ಬೀಗ ತೆಗೆದು, ಮುಚ್ಚಳ ಎತ್ತಿ ನೋಡಿ, ಮತ್ತೆ ಮುಚ್ಚುವುದು ಅವನ ನಿತ್ಯಪೂಜೆಯಾಯಿತು. ಬದುಕಿನಲ್ಲಿ ಮೊದಲ ಬಾರಿಗೆ ಒಂದು ವಸ್ತು ಇಟ್ಟ ಜಾಗದಲ್ಲೇ ಇತ್ತು. ಸಿದ್ಧಾಂತ ಗೆದ್ದಿತು ಎಂದು ಅವನು ಶಿವರಂಜನಿಗೆ ಹೇಳಿದ. ನೋಡೋಣ ಎಂದಳು ಅವಳು.

ಮದುವೆಯ ದಿನ ಶಿರಸಿಯ ಕಲ್ಯಾಣ ಮಂಟಪ ಗಿಜಿಗುಡುತ್ತಿತ್ತು. ಇಸಳೂರಿನಿಂದ ಹೆಂಡತಿಯ ಸ್ಕೂಟರಿನ ಹಿಂದೆ ಕೂತು ಬರುವಾಗ ಧೂಳು ತಾಗೀತೆಂದು ಉಲ್ಲಾಸ ಲೆನ್ಸು ಹಾಕಿರಲಿಲ್ಲ. ಭರಣಿಗಳನ್ನು ಎದೆಗವಚಿಕೊಂಡೇ ತಂದಿದ್ದ. ಪರಮಯ್ಯ ಮಾವ ಅಡುಗೆಮನೆಯ ಬಾಗಿಲಲ್ಲಿ ಗಿಂಡಿ ತೊಳೆಸಿ ಇಟ್ಟುಕೊಂಡು, ಧಾರೆ ಮುಗಿಸಿ ಬಾ, ನಿನ್ನ ಕಣ್ಣು ಪರೀಕ್ಷೆ ಮಾಡಿಯೇ ಕೊಡುತ್ತೇನೆ ಎಂದ. ಅಲ್ಲೇ ನಂದನ ಧೋತರ ಮೇಲೆ ಕಟ್ಟಿ ನಗುತ್ತ ನಿಂತಿದ್ದ.

ಸೋದರಮಾವ ಮದುಮಗಳನ್ನು ಕೈ ಹಿಡಿದು ಮಂಟಪಕ್ಕೆ ಕರೆತರಬೇಕು. ಅದಕ್ಕೆ ಸ್ವಲ್ಪ ಮುಂಚೆ ಉಲ್ಲಾಸ ಒಂದು ಕೋಣೆ ಹೊಕ್ಕು, ಕನ್ನಡಿಯ ಮುಂದೆ ನಿಂತು, ಭರಣಿಯಿಂದ ಲೆನ್ಸು ಎತ್ತಿ ಕಣ್ಣಿಗಿಟ್ಟ. ಒಂದು ಕ್ಷಣ ಏನೂ ಆಗಲಿಲ್ಲ. ಎರಡನೆಯದನ್ನೂ ಇಟ್ಟ. ಆಮೇಲೆ ಆಯಿತು.

ಮಿಡಿಗೆ ಹೇಳಿಮಾಡಿಸಿದ ಹದ ಕಣ್ಣಿಗೆ ಹೇಗಿರುತ್ತದೆ ಎಂಬುದನ್ನು ಅಲ್ಲಿಯವರೆಗೆ ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಎರಡೂ ಕಣ್ಣಲ್ಲಿ ಒಟ್ಟಿಗೆ ಕೆಂಡ ಊದಿದಂತಾಯಿತು. ತೆಗೆಯೋಣವೆಂದರೆ ತೆಗೆಯುವ ಅಭ್ಯಾಸವೇ ಇಲ್ಲ. ರೆಪ್ಪೆಗಳು ಬಿಗಿದುಕೊಂಡವು, ಹೊರಗಿನಿಂದ ಸೋದರಮಾವ ಎಲ್ಲಿ ಎಂದು ಕೂಗು ಕೇಳಿತು. ದುಬಾರಿ ವಸ್ತು, ಮೊದಲು ಸ್ವಲ್ಪ ಬಿಗಿ ಇರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವನು ಹೊರಗೆ ಬಂದ.

ಬಂದವನ ಎರಡೂ ಕೆನ್ನೆಯ ಮೇಲೆ ಧಾರಾಕಾರ ನೀರು.

ಅನುಶ್ರೀ ಮಾವನ ಮುಖ ನೋಡಿ ಗಾಬರಿಯಾದಳು. ಮಾವ ಅಳಡ ಎಂದು ಮೆಲ್ಲಗೆ ಕೈ ಅದುಮಿದಳು. ಅಳುತ್ತಿಲ್ಲ ಎನ್ನಲು ಬಾಯಿ ತೆರೆದ, ಮೂಗಿನಿಂದಲೂ ನೀರು ಸುರಿದದ್ದರಿಂದ ಮಾತು ಗದ್ಗದವಾಗಿ ಬಂತು. ಅದನ್ನು ಕೇಳಿ ಹುಡುಗಿಯ ಕಣ್ಣೂ ತುಂಬಿತು. ವೀಡಿಯೊದವನು ಎಲ್ಲ ಬಿಟ್ಟು ಓಡಿಬಂದು ಇಬ್ಬರ ಮುಖಕ್ಕೂ ದೀಪ ಹಿಡಿದ. ದೀಪ ಬಿದ್ದದ್ದೇ ಉಲ್ಲಾಸನ ಕಣ್ಣು ಇನ್ನಷ್ಟು ಸುರಿಯಿತು. ಸೋದರಮಾವ ಅಂದರೆ ಹೀಗಿರಬೇಕು ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಕಣ್ಣಿಗೆ ಒತ್ತಿದಳು. ಪಕ್ಕದವಳು ಒತ್ತಿದಳು. ಉಲ್ಲಾಸನ ಅಕ್ಕ ಬಿಕ್ಕಿದಳು. ಗಾಳಿಗೆ ಬಿದ್ದ ಕಿಡಿಯಂತೆ ಅಳು ಸಾಲಿನಿಂದ ಸಾಲಿಗೆ ಹಬ್ಬಿ, ಹೆಣ್ಣಿನ ಕಡೆಯ ಅರ್ಧ ಸಭೆ ಮೂಗು ಸೀಟತೊಡಗಿತು. ಮದುಮಗಳ ಕಾಡಿಗೆ ಗಲ್ಲದವರೆಗೆ ಇಳಿಯಿತು.

ಗಂಡಿನ ಕಡೆಯವರು ಯಲ್ಲಾಪುರದವರು, ಸಭ್ಯರು. ಅವರ ಸಾಲಿನಲ್ಲಿ ಗುಸುಗುಸು ಎದ್ದಿತು. ಅಂತಃಪಟದ ಮೇಲಿಂದ ಮದುಮಗ ಶಶಾಂಕ ಕುತ್ತಿಗೆ ಚಾಚಿ ಇಣುಕಿದ, ಹುಡುಗಿ ಅಳುವುದನ್ನು ಕಂಡು ಮುಖ ಬಿಳಿಚಿಕೊಂಡ. ಅವನ ತಾಯಿ ಎದ್ದು ಮಂಟಪದ ಹತ್ತಿರವೇ ಬಂದಳು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಕೂಸಿಗೆ ಈ ಸಂಬಂಧ ಮನಸಿದ್ದಲ್ದ? ಇಲ್ದೇ ಹೋದ್ರೆ ಈಗ್ಲೇ ಹೇಳಿಕ್ಕಿ. ಒತ್ತಾಯ ಬೇಡ."

ಪುರೋಹಿತರು ಮಂತ್ರ ನಿಲ್ಲಿಸಿದರು. ಓಲಗದವರು ಕೈ ತಡೆದರು. ಅಕ್ಕ, ಭಾವ, ಹುಡುಗಿ ಮೂವರೂ ಒಟ್ಟಿಗೆ ಏನೋ ಹೇಳಲು ಹೋಗಿ ಯಾರದೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಶಿವರಂಜನಿ ಗಂಡನ ಪಕ್ಕಕ್ಕೆ ಬಂದು ನಿಂತಿದ್ದಳು. ತನ್ನ ಗಂಡ ಅಳುವುದು ಈರುಳ್ಳಿಗೆ ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು.

"ಲೆನ್ಸು ಯಾವ ನೀರಲ್ಲಿ ಇಟ್ಟಿದ್ರಿ?" ಎಂದು ಹಲ್ಲಿನ ಸಂದಿಯಿಂದ ಕೇಳಿದಳು.

ಅವನು ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡ.

"ಬಾಟ್ಲಿ ನೀರಲ್ಲೇ ಅಲ್ದ?"

ಅವನು ಇನ್ನಷ್ಟು ಜೋರಾಗಿ ಒರೆಸಿಕೊಂಡ.

ಅವನ ಮುಂದೆ ಆಗ ಎರಡೇ ದಾರಿ. ಬಾಯಿ ಮುಚ್ಚಿಕೊಂಡರೆ ಮಾನ ಉಳಿಯುತ್ತದೆ, ಗಿಂಡಿಯೂ ಉಳಿದೀತು, ಆದರೆ ಮುಹೂರ್ತ ಮೀರುತ್ತದೆ. ಬಾಯಿ ಬಿಟ್ಟರೆ ಮುಹೂರ್ತ ಉಳಿಯುತ್ತದೆ, ಗಿಂಡಿ ಹೋಗುತ್ತದೆ. ಅಡುಗೆಮನೆಯ ಬಾಗಿಲಲ್ಲಿ ಪರಮಯ್ಯ ಮಾವ ನಿಂತು ನೋಡುತ್ತಿರುವುದು ಉಪ್ಪಿನ ಪರದೆಯೊಳಗಿಂದಲೂ ಅವನಿಗೆ ತಿಳಿಯಿತು. ಕುರುಕ್ಷೇತ್ರದ ನಡುವೆ ರಥ ನಿಲ್ಲಿಸಿಕೊಂಡವನಿಗೂ ಇಷ್ಟು ಕಷ್ಟವಾಗಿರಲಿಕ್ಕಿಲ್ಲ, ಅವನ ಕಣ್ಣಾದರೂ ನೆಟ್ಟಗಿತ್ತು! ಅನುಶ್ರೀಯ ಕೈ ಇನ್ನೂ ಅವನ ಕೈಯೊಳಗಿತ್ತು. ಅವಳು ಚಿಕ್ಕವಳಿದ್ದಾಗ ಇದೇ ಕೈ ಹಿಡಿದು ಅವನ ಹಿಂದೆ ಹಂತಿಯುದ್ದ ತುಪ್ಪ ತುಪ್ಪ ಎಂದು ಓಡಾಡುತ್ತಿದ್ದವಳು.

ಉಲ್ಲಾಸ ಗಂಡಿನ ತಾಯಿ ನಿಂತಿರಬಹುದಾದ ದಿಕ್ಕಿಗೆ ತಿರುಗಿ ಕೈ ಮುಗಿದ. ಅಲ್ಲಿ ನಿಜಕ್ಕೂ ನಿಂತಿದ್ದವನು ವೀಡಿಯೊದವನು.

"ಕೂಸಿಗೆ ಮನಸಿದ್ದು. ಆನು ಅಳ್ತಾ ಇಲ್ಲೆ. ಲೆನ್ಸನ್ನ ಮಿಡಿ ಉಪ್ಪುನೀರಲ್ಲಿ ನೆನೆ ಹಾಕಿದ್ದಿದ್ದೆ. ಉರಿ ತಡಕಂಬಲೆ ಆಗ್ತಿಲ್ಲೆ."

ಮೊದಲು ನಕ್ಕವನು ಅಂತಃಪಟದಾಚೆಯ ಶಶಾಂಕ. ಆಮೇಲೆ ಅವನ ತಾಯಿ, ಕಂಬಕ್ಕೆ ಆತುಕೊಂಡು. ಆಮೇಲೆ ಕಾಡಿಗೆ ಬಳಿದ ಮುಖದ ಮದುಮಗಳು ನಗುವುದಕ್ಕೆ ಶುರುಮಾಡಿದಳು, ಪುರೋಹಿತರು ಮಂತ್ರದ ನಡುನಡುವೆ ಕೆಮ್ಮುತ್ತ ಮುಂದುವರಿಸಿದರು. ಅತ್ತ ಹೆಂಗಸರೆಲ್ಲ ಅದೇ ಸೆರಗಿನಲ್ಲಿ ನಗುವಿನ ಕಣ್ಣೀರು ಒರೆಸಿಕೊಂಡರು. ಮುಹೂರ್ತಕ್ಕೆ ಸರಿಯಾಗಿ ಓಲಗ ಮೊಳಗಿತು. ಅಕ್ಷತೆ ಎಲ್ಲಿಗೆ ಎರಚಿದ್ದೆಂದು ಉಲ್ಲಾಸನಿಗೆ ಇಂದಿಗೂ ಗೊತ್ತಿಲ್ಲ.

ಶಿವರಂಜನಿ ಅವನನ್ನು ನಲ್ಲಿಯ ಹತ್ತಿರ ಎಳೆದೊಯ್ದು, ಕೈ ತೊಳೆದು, ರೆಪ್ಪೆ ಬಿಡಿಸಿ ಎರಡೂ ಲೆನ್ಸು ತೆಗೆದು ಚೀಟಿಯಲ್ಲಿ ಕಟ್ಟಿಟ್ಟಳು. ಕುಡಿಯುವ ನೀರಿನ ಬಾಟಲಿ ಒಂದರ ಮೇಲೊಂದು ಕಣ್ಣಿಗೆ ಸುರಿದಳು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಡಾಕ್ಟರು ಸಂಹಿತಾಳ ಹತ್ತಿರ ಕರೆದೊಯ್ದಳು. ದಾರಿಯಲ್ಲಿ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಭಯ. ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನ ಮೇಲ್ಪದರ ಕೆಂಡದಂತಾಗಿದೆ, ಪುಣ್ಯಕ್ಕೆ ಬೇಗ ಬಂದಿರಿ, ಹನಿ ಬಿಟ್ಟುಕೊಂಡು ವಿಶ್ರಾಂತಿ ಕೊಟ್ಟರೆ ಮಾಯುತ್ತದೆ ಎಂದಳು. ಮನೆಯಲ್ಲಿ ಕಾಯಿಸಿದ ಉಪ್ಪುನೀರಿನಿಂದ ಕಣ್ಣು ಕಳೆದುಕೊಂಡವರೂ ಇದ್ದಾರೆಂದು ನಗದೆ ಹೇಳಿದಳು. ಆಗ ಉಲ್ಲಾಸ ಕೈ ಹಿಡಿದದ್ದು ಕುರ್ಚಿಯದಲ್ಲ, ಹೆಂಡತಿಯದು. ಅವಳೂ ಬಿಡಿಸಿಕೊಳ್ಳಲಿಲ್ಲ.

ಹಿಂತಿರುಗಿದಾಗ ಎರಡನೇ ಹಂತಿಗೆ ಬಾಳೆ ಹಾಕಿ ಆಗಿತ್ತು. ಜೇಬಿನಲ್ಲಿದ್ದ ಹಳೆಯ ಕನ್ನಡಕ ಏರಿಸಿ ಉಲ್ಲಾಸ ಒಂದು ಮೂಲೆಯ ಎಲೆಯ ಮುಂದೆ ಕೂತ. ಬಡಿಸುವವನಾಗಿ ಬೆಳೆದವನು, ಬಿಸಿ ಹಂತಿಯಲ್ಲಿ ಉಣ್ಣಲು ಕೂತದ್ದು ನೆನಪಿಗೇ ಬಾರದು. ಬಡಿಸುವವರ ಪಾಲಿಗೆ ಉಳಿಯುವುದು ಯಾವಾಗಲೂ ಆರಿದ ಅನ್ನ, ಹೆಪ್ಪುಗಟ್ಟಿದ ತುಪ್ಪ. ನಂದನ ಗಿಂಡಿ ಹಿಡಿದು ಬಂದ. ಬೆನ್ನು ನೆಟ್ಟಗೆ, ಕೈ ಸರಾಗ, ಧಾರೆ ಸಣ್ಣಗೆ ಒಂದೇ ಸಮ. ಚೆನ್ನಾಗಿಯೇ ಬಡಿಸುತ್ತಾನೆ ಎಂದು ಉಲ್ಲಾಸ ಒಪ್ಪಿಕೊಳ್ಳಬೇಕಾಯಿತು. ತುಪ್ಪ ಬಿಸಿ ಅನ್ನದ ಮೇಲೆ ಇಳಿದದ್ದೇ ಘಮ ಎದ್ದಿತು, ಕನ್ನಡಕಕ್ಕೆ ಆವಿ ಮುಸುಕಿತು. ಮುಸುಕಲಿ. ಉಣ್ಣುವವನಿಗೆ ಬಾಯಿ ಎಲ್ಲಿದೆ ಎಂದು ಗೊತ್ತಿದ್ದರೆ ಸಾಕು. ಬಿಸಿ ತುಪ್ಪಕ್ಕೆ ಇಂಥ ರುಚಿ ಇದೆಯೆಂದು ಇಷ್ಟು ವರ್ಷ ತನಗೆ ಯಾರೂ ಹೇಳಲಿಲ್ಲವಲ್ಲ ಎಂದುಕೊಳ್ಳುತ್ತ ಅವನು ಎರಡನೇ ತುತ್ತಿಗೆ ಕೈ ಹಾಕಿದ. ಪಕ್ಕದ ಎಲೆಗೆ ಕೂತಿದ್ದ ಶಿವರಂಜನಿ ತನ್ನ ಎಲೆಯ ಜಿಲೇಬಿಯೊಂದನ್ನು ಅವನ ಎಲೆಗೆ ದಾಟಿಸಿದಳು.

ಹಂತಿ ವಿಚಾರಿಸುತ್ತ ಬಂದ ಪರಮಯ್ಯ ಮಾವ ಅವನೆದುರು ನಿಂತ. ಸೊಂಟಕ್ಕೆ ಕೈ ಕೊಟ್ಟು ಬಗ್ಗಿ, ಕನ್ನಡಕದ ಹಿಂದಿನ ಕೆಂಪು ಕಣ್ಣುಗಳನ್ನು ಬಹಳ ಹೊತ್ತು ನೋಡಿದ. ಅತ್ತಿತ್ತಲಿನ ಎಲೆಗಳವರು ಕಲೆಸುವುದನ್ನು ನಿಲ್ಲಿಸಿ ಕಿವಿ ಕೊಟ್ಟರು.

"ಅಲ್ದ ತಮಾ, ಅಷ್ಟು ದುಡ್ಡು ಕೊಟ್ಟು ತಂದ ವಸ್ತು. ಜೋಪಾನ ಮಾಡಿದ್ಯ ಇಲ್ಯ?"

ಉಲ್ಲಾಸ ಬಾಯಲ್ಲಿದ್ದ ತುತ್ತು ನುಂಗಿದ.

"ಮಾಡಿದ್ದೆ ಮಾವ. ಲೆನ್ಸಿಗೆ ಎಂತದೂ ಆಜಿಲ್ಲೆ. ಕಣ್ಣೊಂದು ಹಾಳಾತು."